ಹೊಸ್ತಿಲ ಮೇಲಿನ ಹೊಟ್ಟುಬೂದಿ

ಗಿರಣಿಯ ಗದ್ದಲ ನಿಂತು ಸ್ವಲ್ಪ ಹೊತ್ತಾಗಿತ್ತು. ಆಗ ಕೇಳಿಸಿತು, ಸರ್, ಸರ್, ಸರ್ರ್... ಕಲ್ಲುಹಾಸಿನ ಮೇಲೆ ಕಡ್ಡಿ ಕಸಬರಿಗೆ ಎಳೆದ ಸದ್ದು. ಎರಡು ಗಿಡ್ಡ ಎಳೆತ, ಆಮೇಲೆ ಒಂದು ಉದ್ದ.

ಶಾಂತಕುಮಾರಿ ಹಾಸಿಗೆಯಲ್ಲಿ ಎದ್ದು ಕೂತಳು. ಸಿಬ್ಬಂದಿಯ ಮನೆಸಾಲಿನಲ್ಲಿ ಅವಳದು ಕೊನೆಯ ಕೋಣೆ. ನಡುವೆ ಒಂದು ಗೋಡೆ, ಅದರಾಚೆ ನೂಲುವ ವಿಭಾಗ. ಎರಡನೇ ಪಾಳಿ ಬಿಟ್ಟರೆ ಬೆಳಗಿನ ಸೈರನ್ ಕೂಗುವವರೆಗೆ ಅಲ್ಲಿ ಇಲಿಗಳ ಹೊರತು ಯಾರೂ ಇರುವುದಿಲ್ಲ. ಇಲಿಯೇ ಇರಬೇಕು ಅಂದುಕೊಂಡಳು. ಇಲಿ ತಾಳ ಹಿಡಿದು ಓಡಾಡುವುದಿಲ್ಲ ಎಂದು ಅವಳ ಮನಸ್ಸೇ ಉತ್ತರ ಕೊಟ್ಟಿತು. ಆ ತಾಳದಲ್ಲಿ ಗುಡಿಸುತ್ತಿದ್ದವಳು ಇಡೀ ಗಿರಣಿಗೆ ಒಬ್ಬಳೇ, ಮಾಬೂಬೀ. ಅವಳನ್ನು ಮಣ್ಣು ಮಾಡಿ ಒಂದು ತಿಂಗಳಾಗಿತ್ತು.

ಅವಳು ಸತ್ತದ್ದು ಹಿಂದಿನ ಅಮಾವಾಸ್ಯೆಯ ಮರುದಿನ. ಇಂದು ಮತ್ತೆ ಅಮಾವಾಸ್ಯೆ.

ದಾವಣಗೆರೆಯ ಆ ಹತ್ತಿ ಗಿರಣಿಯಲ್ಲಿ ಪ್ರತಿ ಅಮಾವಾಸ್ಯೆಯ ರಾತ್ರಿ ಯಂತ್ರಗಳಿಗೆ ದೃಷ್ಟಿ ತೆಗೆದು, ನೂಲುವ ವಿಭಾಗದ ಹೊಸ್ತಿಲ ಒಳಗಡೆ ಬೂದುಗುಂಬಳಕಾಯಿ ಒಡೆಯುವ ಪದ್ಧತಿ. ಒಡೆದ ಕಾಯಿ ಬೆಳಗಿನವರೆಗೆ ಅಲ್ಲಿಯೇ ಬಿದ್ದಿರಬೇಕು. ಮುಟ್ಟಿದವರ ಬೆನ್ನಿಗೆ ಯಂತ್ರದ ಪೀಡೆಯೆಲ್ಲ ಹತ್ತುತ್ತದೆ ಎಂಬ ನಂಬಿಕೆ. ಹೀಗಾಗಿ ಮಾರನೆಯ ಬೆಳಿಗ್ಗೆ ಅದನ್ನು ಬಳಿಯುವ ಕೆಲಸ ಮಾಬೂಬೀಗೇ ಬಿದ್ದಿತ್ತು. "ನಿಮ್ಮೋರಿಗೆ ಇದೆಲ್ಲ ತಟ್ಟಲ್ಲ ಬಿಡು ಮಾಬಮ್ಮ" ಅನ್ನುತ್ತಿದ್ದರು ಉಳಿದ ಹೆಂಗಸರು. "ಹೌದ್ರವ್ವ, ಪೀಡೆ ಬಂದು ಮೊದಲು ಜಾತಿ ಕೇಳಿ ಆಮೇಲೆ ಹಿಡೀತೈತೆ" ಎಂದು ಅವಳು ನಗುತ್ತಿದ್ದಳು.

ಆದರೆ ಅವಳಿಗೆ ತನ್ನದೇ ಒಂದು ಕ್ರಮವಿತ್ತು. ಕುಂಬಳದ ತಿರುಳೆಂದರೆ ಲೋಳೆ. ಅದರ ಮೇಲೆ ಯಂತ್ರದ ಎಣ್ಣೆಯ ಜಿಡ್ಡು ಸೇರಿದರೆ ಕಲ್ಲುಹಾಸು ಕನ್ನಡಿಯಾಗುತ್ತದೆ. ಹೊಸ್ತಿಲಿನಿಂದ ಒಂದು ಮಾರು ದೂರದಲ್ಲಿ ಯಂತ್ರಗಳನ್ನೆಲ್ಲ ತಿರುಗಿಸುವ ಅಗಲವಾದ ತೊಗಲು ಪಟ್ಟಾ ಓಡುತ್ತಿತ್ತು, ಸುತ್ತ ಒಂದು ಜಾಲರಿಯೂ ಇಲ್ಲದೆ. ಮಾಬೂಬೀ ತನ್ನ ಅಣ್ಣನ ಮಂಡಕ್ಕಿ ಭಟ್ಟಿಯಿಂದ ಭತ್ತದ ಹೊಟ್ಟಿನ ಬೂದಿಯನ್ನು ಬುಟ್ಟಿಯಲ್ಲಿ ತರುತ್ತಿದ್ದಳು. ಮೊದಲು ಬೂದಿ ಚೆಲ್ಲಿ ಲೋಳೆ ಹೀರಿಸುವುದು, ಆಮೇಲೆ ಗುಡಿಸುವುದು, ಮತ್ತೆ ಹೊಸದಾಗಿ ಬೂದಿ ಹರಡುವುದು. ಅದಾಗುವವರೆಗೆ ಪಟ್ಟಾ ಬಿಡಬಾರದು.

ಅವಳು ಸತ್ತ ದಿನ ಮಳೆ ಹಿಡಿದು ಜನ ಬರುವುದು ತಡವಾಗಿತ್ತು. ಮೇಸ್ತ್ರಿ ಅಜ್ಜಪ್ಪ ಅವಸರದಲ್ಲಿದ್ದ. ಪಟ್ಟಾ ಓಡುತ್ತಿದ್ದಂತೆಯೇ ಮಾಬೂಬೀ ಬಗ್ಗಿ ಬಳಿಯತೊಡಗಿದಳು. ಕಾಲು ಜಾರಿತು. ಸೆರಗು ಪಟ್ಟಾದ ಕಡೆ ಹೋಯಿತು. ಅಷ್ಟೇ.

ಕಾರ್ಮಿಕ ಕಲ್ಯಾಣಾಧಿಕಾರಿ ಎಂಬ ಹೆಸರಿನಲ್ಲಿ ಆರು ತಿಂಗಳ ಹಿಂದೆ ಸೇರಿದ್ದ ಶಾಂತಕುಮಾರಿ ಅಂದು ಓಡಿಬಂದಾಗ ನೆಲದ ಮೇಲೆ ಒಂದು ಬುಟ್ಟಿ ಇತ್ತು. ಬೂದಿ ಅದರೊಳಗೇ ಉಳಿದಿತ್ತು. ಅದನ್ನು ಅವಳು ಮರೆಯಲಾರಳು. ಆಮೇಲಿಂದ ಎಲ್ಲಿ ಹೋದರೂ ಮೊದಲು ನೆಲ ನೋಡುವುದು ಅವಳಿಗೆ ಅಭ್ಯಾಸವಾಯಿತು. ಹರಿಹರದ ತಾಯಿಯ ಮನೆಯಲ್ಲಿ ಬಚ್ಚಲಿನ ಕಲ್ಲನ್ನು ಸಹ ಕಾಲಿನಿಂದ ಒತ್ತಿ ನೋಡಿಯೇ ಹೆಜ್ಜೆ ಇಡುತ್ತಿದ್ದಳು.

ಆ ರಾತ್ರಿ ಸದ್ದು ನಿಂತ ಮೇಲೂ ಅವಳಿಗೆ ನಿದ್ದೆ ಬರಲಿಲ್ಲ.

ಬೆಳಿಗ್ಗೆ ನೂಲುವ ವಿಭಾಗದ ಬಾಗಿಲಲ್ಲಿ ಜನ ಗುಂಪು ಕಟ್ಟಿದ್ದರು. ಯಾರೂ ಒಳಗೆ ಕಾಲಿಡುತ್ತಿರಲಿಲ್ಲ. ರಾತ್ರಿ ಒಡೆದ ಕಾಯಿಯ ಒಂದು ಚೂರೂ ಇರಲಿಲ್ಲ. ಹೊಸ್ತಿಲಿನಿಂದ ಅರ್ಧಚಂದ್ರದ ಹಾಗೆ ಹೊಟ್ಟುಬೂದಿ ಹರಡಿತ್ತು, ಮಾಬೂಬೀ ಹರಡುತ್ತಿದ್ದಂತೆಯೇ.

"ಬಂದಾಳ್ರವ್ವ" ಅಂದಳು ಉಡಚಮ್ಮ, ನೂಲಿನ ಕೊಳವೆ ತುಂಬುವ ಹೆಂಗಸು, ಬಾಯಿ ಸ್ವಲ್ಪ ಜೋರು. "ಸಂಬಳ ಕೊಡದಿದ್ರೂ ಕೆಲಸ ಬಿಟ್ಟಿಲ್ಲ ನೋಡ್ರಿ. ನಮ್ಮ ಮೇಸ್ತ್ರಿಗೆ ಇಂಥೋರೇ ಬೇಕಾಗಿತ್ತು."

ಯಾರೋ ನಕ್ಕರು, ತಕ್ಷಣ ನಗು ನುಂಗಿದರು. ಗುಂಪಿನ ಹಿಂದೆ ಮಾಬೂಬೀಯ ಮಗಳು ಖುರ್ಷೀದಾ ನಿಂತಿದ್ದಳು. ತಾಯಿಯ ಕೆಲಸವನ್ನು ಅವಳಿಗೇ ಕೊಟ್ಟಿದ್ದರು. ಕೈಯಲ್ಲಿದ್ದ ಬುಟ್ಟಿಯನ್ನು ಅವಳು ಎದೆಗೆ ಅವುಚಿಕೊಂಡಳು.

"ನಮ್ಮಮ್ಮ ದೆವ್ವ ಅಲ್ಲ ಉಡಚಕ್ಕ" ಅಂದಳು. "ಆಕಿನ್ನ ಮೈ ತೊಳೆದು, ನಮಾಜು ಮಾಡಿ ಮಣ್ಣು ಮಾಡೀವಿ. ಆಕಿ ಯಾಕ ಬರ್ತಾಳೆ?"

"ನಿನಗಾಗಿ ಬಂದಾಳ ಹುಚ್ಚಿ. ಇವತ್ತು ಇದನ್ನ ಬಳಿಯೋ ಪಾಳಿ ನಿಂದಿತ್ತಲ್ಲ?"

ಶಾಂತಕುಮಾರಿಯ ಎದೆಯಲ್ಲಿ ಆ ಮಾತು ಮುಳ್ಳಿನ ಹಾಗೆ ಕೂತಿತು. ನಿಜ, ಈ ಹುಡುಗಿ ಇಂದು ಇಲ್ಲಿ ಬಗ್ಗಬೇಕಾಗಿತ್ತು. ಮುಂದಿನ ಅಮಾವಾಸ್ಯೆಗೂ ಬಗ್ಗಬೇಕು.

ಅವಳು ನೇರವಾಗಿ ಮ್ಯಾನೇಜರ್ ಶಿವಮೂರ್ತಪ್ಪನವರ ಕೋಣೆಗೆ ಹೋದಳು.

"ಕಾಯಿನ ಗೇಟಿನ ಹೊರಗೆ ಒಡೆಸಿ ಸರ್. ಇಲ್ಲಾಂದ್ರೆ ನೆಲ ಒಣಗೋವರೆಗೆ ಪಟ್ಟಾ ನಿಲ್ಲಿಸಿ. ಜಾಲರಿನಾದ್ರೂ ಹಾಕಿಸಿ."

"ಕೂಡ್ರಿ, ಕೂಡ್ರಿ. ಮೊದಲು ಚಾ ಕುಡೀರಿ." ಶಿವಮೂರ್ತಪ್ಪ ಕೆಟ್ಟವರಲ್ಲ, ಅಳುಕಿನ ಮನುಷ್ಯ. "ದೃಷ್ಟಿ ಆಗೋದು ಮಷಿನ್ನಿಗೆ, ಕಾಯಿ ಒಡೆಯೋದು ಗೇಟಿನಾಗಾ? ದೊಡ್ಡ ಯಜಮಾನ್ರ ಕಾಲದಿಂದ ನಡೆದು ಬಂದದ್ದು. ಜಾಲರಿಗೆ ಬರೆದು ಹಾಕೀನಿ, ಬರ್ತೈತೆ. ಪಟ್ಟಾ ನಿಲ್ಲಿಸಿದ್ರೆ ನೂಲು ಯಾರು ಕೊಡ್ತಾರ್ರಿ? ನೀವು ಒಂದು ನೋಟಿಸ್ ಹಚ್ಚಿಬಿಡ್ರಿ, ನೆಲ ಜಾರುತ್ತದೆ, ಎಚ್ಚರಿಕೆ, ಅಂತ."

ನೋಟಿಸ್ ಹಚ್ಚಿದಳು. ದುಂಡನೆಯ ಅಕ್ಷರದಲ್ಲಿ ತಾನೇ ಬರೆದಳು. ಅದರ ಕೆಳಗೆ ನಿಂತು ಜನ ಎಲೆಅಡಿಕೆ ಹಾಕಿಕೊಂಡರು.

ನೋಟಿಸ್ ಮಾಡದ ಕೆಲಸವನ್ನು ಭಯ ಮಾಡಿತು. ಓಡಿಬಂದು ಹೊಸ್ತಿಲು ಹಾರುತ್ತಿದ್ದವರು ಈಗ ಅಲ್ಲಿ ನಿಂತು, ನೆಲ ನೋಡಿ, ನಿಧಾನವಾಗಿ ಕಾಲಿಡತೊಡಗಿದರು. ಎಣ್ಣೆ ಸೋರಿದ್ದು ಕಂಡರೆ ತಾವೇ ಒಂದು ಹಿಡಿ ಬೂದಿ ಹಾಕಿ ಹೋಗುತ್ತಿದ್ದರು. ಮುಂದಿನ ಅಮಾವಾಸ್ಯೆ ಕಳೆದ ಬೆಳಿಗ್ಗೆ ಪಟ್ಟಾ ಬಿಡುವ ಆಳು ಸನ್ನೆಗೋಲಿಗೆ ಕೈಯಿಟ್ಟು, "ಮಾಬಮ್ಮ ಬೂದಿ ಹಾಕ್ಯಾಳೇನ್ರೋ? ನೋಡಿ ಹೇಳ್ರಿ, ಆಮೇಲೆ ಬಿಡ್ತೀನಿ" ಎಂದು ಕೂಗಿದ. ಬೂದಿ ಇತ್ತು. ಅಂದಿನಿಂದ ಅದೇ ನಿಯಮವಾಯಿತು. ಬೂದಿ ಕಾಣದೆ ಪಟ್ಟಾ ಓಡುವಂತಿಲ್ಲ. ಮ್ಯಾನೇಜರರೂ ಅದಕ್ಕೆ ಎದುರಾಡಲಿಲ್ಲ. ದೆವ್ವಕ್ಕೆ ಮೆಮೊ ಕೊಡುವ ಧೈರ್ಯ ಅವರಿಗೆಲ್ಲಿಯದು?

ಶಾಂತಕುಮಾರಿಗೆ ಆ ಹೊತ್ತಿಗೆ ಗುಟ್ಟು ತಿಳಿದಿತ್ತು. ಆ ಅಮಾವಾಸ್ಯೆಯ ರಾತ್ರಿ ಮತ್ತೆ ಸದ್ದು ಕೇಳಿದಾಗ ಬ್ಯಾಟರಿ ಹಿಡಿದು, ಹಿತ್ತಿಲ ಸಣ್ಣ ಬಾಗಿಲಿನಿಂದ ಹೋಗಿ ಕಿಟಕಿಯಲ್ಲಿ ಇಣುಕಿದ್ದಳು. ಲಾಟೀನಿನ ಬೆಳಕಿನಲ್ಲಿ ಮೇಸ್ತ್ರಿ ಅಜ್ಜಪ್ಪ ಕುಕ್ಕುರುಗಾಲಲ್ಲಿ ಕೂತು ಕುಂಬಳದ ಚೂರುಗಳನ್ನು ಬರಿಗೈಯಲ್ಲಿ ಆರಿಸುತ್ತಿದ್ದ. ಅಳುತ್ತಲೂ ಇದ್ದ. ಅವಳು ಬ್ಯಾಟರಿ ಹೊತ್ತಿಸದೆ ಹಿಂದಕ್ಕೆ ಬಂದಳು.

ಚಳಿಗಾಲದಲ್ಲಿ ಅಜ್ಜಪ್ಪನ ಕೆಮ್ಮು ಜೋರಾಗಿ ಅವನನ್ನು ಹರಿಹರಕ್ಕೆ, ಮಗಳ ಮನೆಗೆ ಕರೆದೊಯ್ದರು. ಒಂದು ಭಾನುವಾರ ತಾಯಿಯನ್ನು ನೋಡಲು ಹೋಗಿದ್ದ ಶಾಂತಕುಮಾರಿ ಅವನನ್ನೂ ನೋಡಲು ಹೋದಳು. ಹೊಳೆಯ ಕಡೆ ತೆರೆದ ಜಗಲಿಯಲ್ಲಿ ಅವನು ಕಂಬಳಿ ಹೊದ್ದು ಕೂತಿದ್ದ.

"ಬರ್ರಿ ಅಕ್ಕಾರ. ಎದೆ ತುಂಬ ಅರಳೆ ತುಂಬಿಕೊಂಡೈತೆ ನೋಡ್ರಿ, ಬಡಿದ್ರೆ ಒಂದು ದಿಂಬು ಆಗ್ತೈತೆ" ಎಂದು ನಗಲು ಹೋಗಿ ಕೆಮ್ಮಿದ. ಕೆಮ್ಮು ಅಡಗಿದ ಮೇಲೆ ಹೊಳೆಯನ್ನೇ ನೋಡುತ್ತ ಅಂದ, "ಕಿಟಕಿ ಹತ್ತಿರ ನೀವು ಬಂದಿದ್ದು ಗೊತ್ತೈತ್ರಿ. ಬಳೆ ಸದ್ದಾತು."

ಅವಳು ಬಳೆಗಳನ್ನು ಮೊಣಕೈಯತ್ತ ಸರಿಸಿಕೊಂಡಳು.

"ಪಟ್ಟಾ ನಿಲ್ಲಿಸು ಅಜ್ಜಪ್ಪಣ್ಣ, ಬೂದಿ ಹಾಕ್ತೀನಿ, ಅಂದ್ಲು ಆ ದಿನ ಮಾಬಮ್ಮ. ಟೈಮಿಲ್ಲ, ಸುಮ್ನ ಬಳಿ, ಅಂದೆ. ಅಷ್ಟೇ ರೀ ನಾನು ಅಂದದ್ದು."

"ಆ ತಾಳ ಹೆಂಗೆ ಬಂತು ನಿಮಗೆ? ಅವಳ ಹಾಗೇ ಗುಡಿಸ್ತಿದ್ರಿ."

"ಬೇಕಂತ ಮಾಡಿದ್ದಲ್ಲ. ಎಷ್ಟು ವರ್ಷ ಕೇಳೀನಿ! ಕಸಬರಿಗೆ ಕೈಗೆ ಬಂದ್ರೆ ತಾನೇ ಹಂಗ ಎಳೀತೈತೆ. ಈಗಲೂ ಮರಳಿನ ಬಕೆಟ್ಟಿನ ಹಿಂದೆ ಐತ್ರಿ, ಬೂದಿ ಜೊತೆಗೆ." ಅವನು ದನಿ ತಗ್ಗಿಸಿದ. "ಒಂದು ಮಾತು. ಪಟ್ಟಾದ ಕೆಳಗೆ ನಾನು ಒಂದು ದಿನಾನೂ ಬೂದಿ ಹಾಕಿಲ್ಲ. ಆಕಿ ಬಿದ್ದ ಜಾಗ. ಅಲ್ಲಿ ಕೈ ಹೋಗಲಿಲ್ಲ. ಹೊಸ್ತಿಲಷ್ಟೇ."

ಅವಳು ಏಳುವಾಗ ಸೆರಗಿನ ಕಡೆ ಕೈ ಚಾಚಿದಂತೆ ಮಾಡಿ ಅವನು ಕೇಳಿದ, "ಮುಂದಿನ ಅಮಾಸಿಗೆ ಯಾರ್ರಿ?"

ಆ ಪ್ರಶ್ನೆ ಹರಿಹರದಿಂದ ಅವಳ ಜೊತೆಗೇ ಬಸ್ಸು ಹತ್ತಿತು. ಬೂದಿ ಕಾಣದಿದ್ದರೆ ಏನಾದೀತು? ದೆವ್ವ ಹೋಯಿತು ಅನ್ನುತ್ತಾರೆ, ನಗುತ್ತಾರೆ, ಪಟ್ಟಾ ಬಿಡುತ್ತಾರೆ. ಖುರ್ಷೀದಾಳನ್ನು ಕರೆದು, "ಬಳಿಯವ್ವ, ನಿಮ್ಮೋರಿಗೆ ತಟ್ಟಲ್ಲ" ಅನ್ನುತ್ತಾರೆ.

ಅಮಾವಾಸ್ಯೆಯ ಮರುದಿನ ನಸುಕಿನಲ್ಲೇ ಅವಳು ಎದ್ದಳು. ಬಳೆ ಬಿಚ್ಚಿಟ್ಟಳು. ಸೆರಗನ್ನು ಸೊಂಟಕ್ಕೆ ಬಿಗಿದು, ಮನೆಸಾಲಿನ ಕಡೆಯ ಹಿತ್ತಿಲ ಬಾಗಿಲಿನಿಂದ ವಿಭಾಗದೊಳಗೆ ಹೋಗಿ, ಬೆಂಕಿ ಆರಿಸುವ ಮರಳಿನ ಬಕೆಟ್ಟುಗಳ ಹಿಂದೆ ಅಜ್ಜಪ್ಪ ಬಚ್ಚಿಟ್ಟಿದ್ದ ಕಸಬರಿಗೆ, ಬೂದಿ ತೆಗೆದುಕೊಂಡಳು. ಮೊದಲು ಬೂದಿ, ಆಮೇಲೆ ಕಸಬರಿಗೆ. ತಣ್ಣನೆಯ ತಿರುಳು ಬೆರಳುಗಳಿಗೆ ಮೆತ್ತಿತು. ಕುಂಕುಮ ಬೆರೆತು ಅದು ಕೆಂಪಗಿತ್ತು, ನೋಡಬಾರದೆಂದು ನೋಡಲಿಲ್ಲ. ಹೊಸ್ತಿಲು ಗುಡಿಸುತ್ತ ಹೋದಂತೆ ಅವಳಿಗೇ ಕೇಳಿಸಿತು: ಸರ್, ಸರ್, ಸರ್ರ್. ತನ್ನ ಕೈ ಆ ತಾಳವನ್ನು ಯಾವಾಗ ಕಲಿಯಿತು?

ಬಾಗಿಲಾಚೆ ಹೆಜ್ಜೆ ಸದ್ದಾಯಿತು. ಅವಳು ಕಲ್ಲಾದಳು.

"ಅಮ್ಮಾ?" ಖುರ್ಷೀದಾಳ ದನಿ. ಬಾಗಿಲ ಹಲಗೆಗೆ ಬಾಯಿ ಇಟ್ಟು ಮಾತಾಡಿದ ಹಾಗಿತ್ತು. "ನೀನೇ ಏನಮ್ಮಾ?"

ಬಾಗಿಲು ತೆರೆದು, ನಾನು ಕಣೇ, ಎಂದುಬಿಡಬೇಕೆಂದು ಶಾಂತಕುಮಾರಿಗೆ ಅನಿಸಿತು. ಕಸಬರಿಗೆಯನ್ನು ಮೆಲ್ಲಗೆ ಗೋಡೆಗೆ ಒರಗಿಸಿದಳು.

"ಮಾತಾಡಬ್ಯಾಡ ಬಿಡು. ದೆವ್ವ ಅಂತ ಅವರು ಅಂದಾಗ ನನಗೆ ಸಿಟ್ಟು ಬಂದಿತ್ತು. ನಿನ್ನ ಮೇಲಲ್ಲ." ಆಮೇಲೆ, "ಬೂದಿ ಸರಿಯಾಗಿ ಹಾಕ್ಕೋ. ನೀನು ಮತ್ತೆ ಜಾರಬ್ಯಾಡ" ಅಂದಳು. ಹೆಜ್ಜೆಗಳು ಗೇಟಿನ ಕಡೆ ದೂರವಾದವು.

ಶಾಂತಕುಮಾರಿ ಪಟ್ಟಾದ ಕಡೆ ನೋಡಿದಳು. ಅದರ ಕೆಳಗೂ ಲೋಳೆ ಸಿಡಿದು ಮಿನುಗುತ್ತಿತ್ತು. ಕೈ ಚಾಚಿದಳು, ಹಿಂದಕ್ಕೆಳೆದುಕೊಂಡಳು. ಅಜ್ಜಪ್ಪನ ಹಾಗೆಯೇ ಅವಳಿಗೂ ಆಗಲಿಲ್ಲ. ಕಸಬರಿಗೆಯನ್ನು ಬಚ್ಚಿಟ್ಟು ಹಿತ್ತಿಲ ಬಾಗಿಲಿನಿಂದ ಓಡಿ, ಕೋಣೆ ಸೇರಿ, ಕೈಯನ್ನು ಸೀಗೆಪುಡಿ ಹಾಕಿ ಉಜ್ಜಿದಳು.

ಆಗ ಮಾತ್ರ ಬುದ್ಧಿ ಚುರುಕಾಯಿತು. ಪಟ್ಟಾದ ಕೆಳಗೆ ಒದ್ದೆ ಹಾಗೇ ಇದೆ. ಹೊಸ್ತಿಲ ಬೂದಿ ನೋಡಿ ಪಟ್ಟಾ ಬಿಟ್ಟರೆ, ಆ ಕೆಳಗಿನದನ್ನು ಬಳಿಯಲು ಯಾರನ್ನು ಕರೆಯುತ್ತಾರೆ? ಸೀರೆಯ ನೆರಿಗೆ ಎತ್ತಿಕೊಂಡು ಓಡಿದಳು. ಅವಳು ಬರುವಷ್ಟರಲ್ಲಿ ಸೈರನ್ ಕೂಗಿತ್ತು, ಜನ ಸೇರಿದ್ದರು, ಪಟ್ಟಾದ ಆಳು ಬಗ್ಗಿ ನೋಡುತ್ತಿದ್ದ.

"ನಿಲ್ಸಪ್ಪಾ..." ಎಂದು ಅವಳು ಬಾಯಿ ತೆರೆಯುವುದಕ್ಕೂ ಅವನು ಕೂಗುವುದಕ್ಕೂ ಸರಿಹೋಯಿತು.

"ಐತ್ರೋ, ಬೂದಿ ಐತೆ! ಈ ಸಲ ಪಟ್ಟಾ ಬುಡಕ್ಕೂ ಹಾಕ್ಯಾಳ!"

ಜನರ ನಡುವೆ ಜಾಗ ಮಾಡಿಕೊಂಡು ಅವಳು ನೋಡಿದಳು. ಪಟ್ಟಾದ ಕೆಳಗೆ, ಗೋಡೆಯ ಮೂಲೆಯವರೆಗೂ, ಬೂದಿ ತೆಳ್ಳಗೆ ಸಮನಾಗಿ ಹರಡಿತ್ತು. ತಿರುಳಿನ ಗುರುತೇ ಇರಲಿಲ್ಲ.

ಖುರ್ಷೀದಾ ಅವಳ ಮಗ್ಗುಲಲ್ಲಿ ನಿಂತಿದ್ದಳು. ಅವಳ ಮುಖದಲ್ಲಿ ಎಷ್ಟೋ ತಿಂಗಳಿಂದ ಕಾಣದ ಒಂದು ತಿಳಿಯಾದ ಕಳೆ ಇತ್ತು.

"ನೀನು ಒಳಗೆ ಹೋಗಿದ್ಯಾ ಖುರ್ಷೀದಾ?" ಶಾಂತಕುಮಾರಿ ಮೆಲ್ಲಗೆ ಕೇಳಿದಳು.

"ಇಲ್ರಿ ಅಕ್ಕಾರ. ಬಾಗಿಲಾಚೆಯಿಂದ ಮಾತಾಡ್ಸಿ ಗೇಟಿಗೆ ಹೋಗಿ ಕೂತೆ. ಬೀಗದ ಕೈ ಗೇಟಿನ ಗೂರ್ಖಾನ ಹತ್ರ ಇತ್ತು." ಆಮೇಲೆ ಅವಳ ಕಿವಿಯ ಹತ್ತಿರ ಬಾಗಿ ಅಂದಳು, "ಅಮ್ಮ ಒಳಗಿದ್ಲು ರೀ. ಗುಡಿಸೋದು ಕೇಳ್ತಿತ್ತು. ನಾನು ಗೇಟಿಗೆ ಹೋದ ಮೇಲೂ ಎಷ್ಟೋ ಹೊತ್ತು ಕೇಳ್ತಾನೇ ಇತ್ತು."

ಖುರ್ಷೀದಾ ಗೇಟಿಗೆ ಹೋದ ಮೇಲೆ ಶಾಂತಕುಮಾರಿ ಒಂದು ಸಲವೂ ಕಸಬರಿಗೆ ಎಳೆದಿರಲಿಲ್ಲ.

"ಬಿಡ್ಲೇನ್ರಿ ಅಕ್ಕಾರ?" ಪಟ್ಟಾದ ಆಳು ಸನ್ನೆಗೋಲಿಗೆ ಕೈಯಿಟ್ಟು ಅವಳನ್ನೇ ಕೇಳುತ್ತಿದ್ದ. ಎಲ್ಲರೂ ಗೋಡೆಯ ಕಡೆ ಸರಿದು, ಹೆಂಗಸರು ಸೆರಗು ಸಿಕ್ಕಿಸಿಕೊಂಡು, ಅವಳ ಮಾತಿಗಾಗಿ ಕಾಯುತ್ತಿದ್ದರು. ಖುರ್ಷೀದಾ ಎಲ್ಲರಿಗಿಂತ ದೂರ, ಒಣಗಿದ ನೆಲದ ಮೇಲೆ ಗಟ್ಟಿಯಾಗಿ ನಿಂತಿದ್ದಳು.

ಗುಡಿಸಿದ್ದು ಅಜ್ಜಪ್ಪ, ಆಮೇಲೆ ನಾನು ಎಂದರೆ ಹೀಗೆ ನಿಂತು ನೆಲ ನೋಡುವುದು ಇವತ್ತಿಗೇ ಮುಗಿಯುತ್ತದೆ. ಪಟ್ಟಾದ ಬುಡದ್ದು ನನ್ನದಲ್ಲ ಎಂದರೆ ನಾಳೆ ಯಾರೂ ಈ ಬಾಗಿಲಿಗೆ ಬರುವುದಿಲ್ಲ. ಅಜ್ಜಪ್ಪನಿಗೂ ಹೇಳುವುದು ಬೇಡ, ಅವನ ಎದೆ ತಡೆಯದು. ಈ ಮಗುವಿಗಂತೂ ಬೇಡವೇ ಬೇಡ. ಎಷ್ಟು ಉಜ್ಜಿದರೂ ಉಗುರಿನ ಸಂದಿಯಲ್ಲಿ ಉಳಿದಿದ್ದ ಬೂದಿಯನ್ನು ಅವಳು ಮುಷ್ಟಿಯೊಳಗೆ ಮುಚ್ಚಿಕೊಂಡಳು.

"ಬಿಡು" ಅಂದಳು.

ಮುಂದಿನ ಅಮಾವಾಸ್ಯೆಗೆ ಭಟ್ಟಿಯಿಂದ ಇನ್ನೊಂದು ಬುಟ್ಟಿ ಬೂದಿ ತರಿಸಿ ಇಡಬೇಕು, ಪಟ್ಟಾದ ಬುಡದ ಪಾಲಿಗೆ. ಯಾಕೆಂದು ಯಾರಾದರೂ ಕೇಳಿದರೆ, ಎಣ್ಣೆ ಸೋರುವುದು ಜಾಸ್ತಿಯಾಯಿತಲ್ಲ, ಅನ್ನಬೇಕು.