ಭಾವನ ಹೆಲಿಕಾಪ್ಟರ್

ಹೆಲಿಕಾಪ್ಟರ್ ನಿಲ್ಲಿಸುವ ಹ್ಯಾಂಗರಿನಲ್ಲಿ ಎಲ್ಲರೂ ಅವಳನ್ನು ಸ್ಪ್ಯಾನರಮ್ಮ ಎನ್ನುತ್ತಿದ್ದರು. ನೌಕಾಪಡೆಗೆ ಸೇರಿ, ಹೆಲಿಕಾಪ್ಟರ್ ಎಂಜಿನ್ನುಗಳನ್ನು ಬಿಚ್ಚಿ ಜೋಡಿಸುವ ಕೆಲಸ ಕಲಿತ ಮೇಲೆ ಬಿದ್ದ ಹೆಸರು ಅದು. ಅವಳಿಗೇನೂ ಬೇಸರವಿರಲಿಲ್ಲ. ಕೆಲಸ ಮುಗಿಸಿ ಕೈ ತೊಳೆದರೆ ಎಂಜಿನ್ನನ್ನು ಅಲ್ಲೇ ಬಿಟ್ಟು ಬರುವ ಹುಡುಗಿ. ಆ ನೆಮ್ಮದಿಗೆ ಕಲ್ಲು ಬಿದ್ದದ್ದು ಅಕ್ಕನ ಮದುವೆಯಾದ ಮೇಲೆ.

ಅಕ್ಕನ ಗಂಡ ಅದೇ ನೌಕಾನೆಲೆಯ ಪೈಲಟ್. ಅವನು ಹಾರಿಸುವ ಹೆಲಿಕಾಪ್ಟರೂ ಇವಳ ಸುಪರ್ದಿನದೇ. ವಾರವಿಡೀ ಯಾರಿಗೆ ಸೆಲ್ಯೂಟ್ ಹೊಡೆದಳೋ ಅವನಿಗೇ ಭಾನುವಾರ ಅಕ್ಕನ ಮನೆಯಲ್ಲಿ "ಇನ್ನೊಂದು ಸ್ವಲ್ಪ ಹಾಕಿಸ್ಕೊಳ್ಳಿ ಭಾವ" ಎನ್ನಬೇಕು. ಅದಕ್ಕೂ ಒಗ್ಗಿಕೊಂಡಳು. ಒಗ್ಗದೆ ಉಳಿದದ್ದು ಅಕ್ಕನ ಮಾತು.

"ಪುಟ್ಟಿ, ಅವರ ಎಂಜಿನ್ನಿಗೆ ನೀನೊಬ್ಬಳೇ ಕೈ ಹಾಕು. ಬೇರೆ ಯಾರನ್ನೂ ಬಿಡಬೇಡ. ನೀನಿದೀಯ ಅಂತಲೇ ನಂಗೆ ನಿದ್ದೆ ಬರೋದು."

ಅಕ್ಕನಿಗೆ ನಿದ್ದೆ ಬಂತು, ತಂಗಿಯದು ಹಾರಿಹೋಯಿತು. ಬಿಗಿದ ನಟ್ಟನ್ನು ಮತ್ತೆ ಮುಟ್ಟಿ ನೋಡುವಳು. ಊಟದ ಸಾಲಿನಲ್ಲಿ ನಿಂತವಳು ತಟ್ಟೆ ಇಟ್ಟು, ಟಾರ್ಚ್ ಹಿಡಿದು ಓಡುವಳು. ಹೆಲಿಕಾಪ್ಟರ್ ಸಮುದ್ರದ ಕಡೆ ಹೋದರೆ, ವಾಪಸು ಬರುವವರೆಗೆ ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಟ.

ಒಂದು ದಿನ ಕೆಲಸವೆಲ್ಲ ಮುಗಿದು ತಪಾಸಣೆಯೂ ಆಗಿತ್ತು. ಇಂಧನದ ಕೊಳವೆಯ ನಟ್ಟು ಯಾಕೋ ಮನಸ್ಸಿನಲ್ಲೇ ಕುಳಿತಿತ್ತು. ಯಾರಿಗೂ ಹೇಳದೆ ಹೋಗಿ ಇನ್ನೊಂದು ಸುತ್ತು ಬಿಗಿದಳು. ಹಾರುವ ಮೊದಲು ನೆಲದ ಮೇಲೇ ಎಂಜಿನ್ ಚಾಲೂ ಮಾಡಿದಾಗ ಅಲ್ಲಿಂದಲೇ ಇಂಧನ ಜಿನುಗಿತು. ಮೇಲ್ವಿಚಾರಕರು ತಕ್ಷಣ ಎಂಜಿನ್ ಆರಿಸಿದರು. ಬಿಚ್ಚಿ ನೋಡಿದರೆ ಬಿಗಿತ ಹೆಚ್ಚಾಗಿ ನಟ್ಟು ಸೀಳಿಹೋಗಿತ್ತು.

"ಸರ್, ನಾನೇ ಬಿಗಿದದ್ದು," ಎಂದಳು.

ಬೈಗುಳ ಬರುತ್ತದೆಂದು ಕಾದಳು. ಅವರು ಸೀಳಿದ ನಟ್ಟನ್ನು ಅಂಗೈಯಲ್ಲಿ ಉರುಳಿಸುತ್ತಾ ನಿಂತರು. "ನಿಮ್ಮ ಕೈಗೇನೂ ಆಗಿಲ್ಲಮ್ಮ. ತಲೆಗೆ ಆಗಿದೆ. ರಿಪೋರ್ಟ್ ಬರೀಲೇಬೇಕು, ಬರೀತೀನಿ. ಆಮೇಲೇನು ಮಾಡೋಣ?"

"ನನ್ನನ್ನ ಬೇರೆ ಹೆಲಿಕಾಪ್ಟರಿಗೆ ಹಾಕಿ ಸರ್."

ಹೇಳಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು, ಆ ಮಾತು ಯಾವಾಗಿನಿಂದಲೋ ಗಂಟಲಲ್ಲೇ ಇತ್ತೇನೋ ಎಂದು.

ಭಾನುವಾರ ವಿಷಯ ತಿಳಿದ ಅಕ್ಕ ಸೌಟನ್ನು ಪಾತ್ರೆಯಲ್ಲೇ ಬಿಟ್ಟಳು. "ಅಂದ್ರೆ ಅವರನ್ನ ಬೇರೆಯವರ ಕೈಗೆ ಕೊಟ್ಟು ಬಂದೆ. ನೀನು ತಂಗಿನಾ?"

"ಅಕ್ಕ, ತಂಗಿ ಅಂತಲೇ ಹಾಳು ಮಾಡ್ದೆ."

"ಮಾತು ಚೆನ್ನಾಗಿ ಕಲ್ತಿದೀಯ."

ಭಾವ ತಟ್ಟೆಯಿಂದ ತಲೆ ಎತ್ತಿದ. "ಒಂದು ನಿಜ ಹೇಳ್ಲಾ? ಅವಳು ಕೆಳಗೆ ನಿಂತು ನನ್ನ ಮುಖವನ್ನೇ ನೋಡ್ತಿದ್ರೆ, ನನಗೇ ಕೊನೇ ಸಲ ಹೋಗ್ತಿದೀನೇನೋ ಅನ್ಸೋದು. ಹೊಸ ಮೆಕ್ಯಾನಿಕ್ ಆಕಳಿಸ್ತಾನೆ. ಎಷ್ಟು ಹಾಯಾಗಿದೆ ಗೊತ್ತಾ?"

ತಂಗಿಗೆ ನಗು ಬಂತು. ಅಕ್ಕ ನಗಲಿಲ್ಲ. ಅಂದಿನಿಂದ ಫೋನೂ ಇಲ್ಲ, ಊಟಕ್ಕೆ ಕರೆಯೂ ಇಲ್ಲ.

ಹೊಸ ಹೆಲಿಕಾಪ್ಟರಿನಲ್ಲಿ ಅವಳ ಕೈ ಹಿಡಿತಕ್ಕೆ ಬಂತು. ಅದರ ಪೈಲಟ್ಟೂ ಯಾರದೋ ಗಂಡ, ಯಾರದೋ ಭಾವ. ಒಮ್ಮೆ ಹಾಗನ್ನಿಸಿ ಕೈ ಟಾರ್ಚಿನತ್ತ ಹೋಯಿತು. ಆದರೂ ಒಮ್ಮೆ ಬಿಗಿದದ್ದನ್ನು ಮತ್ತೆ ಮುಟ್ಟಲಿಲ್ಲ. ಅತ್ತ ಭಾವನ ಹೆಲಿಕಾಪ್ಟರ್ ಎದ್ದಾಗ ಮಾತ್ರ ಬೇಕೆಂದೇ ಬೆನ್ನು ತಿರುಗಿಸಿ ನಿಲ್ಲುವಳು.

ಗಾಳಿ ಜೋರಾಗಿದ್ದ ಒಂದು ಸಂಜೆ ಅಕ್ಕ ಹೇಳದೆ ಕೇಳದೆ ಅವಳ ಕೋಣೆಗೆ ಬಂದಳು. ಸಮುದ್ರದ ಕಡೆ ಹಾರಿದ್ದ ಭಾವ ಇನ್ನೂ ಮರಳಿರಲಿಲ್ಲ. ಅಕ್ಕ ಕೂರಲಿಲ್ಲ. ಮಡಿಸಿಟ್ಟ ಬಟ್ಟೆಯನ್ನೇ ಬಿಡಿಸಿ ಮತ್ತೆ ಮಡಿಸತೊಡಗಿದಳು.

"ದಿನಾ ಹೀಗೇನಾ ಇರ್ತಿತ್ತು ನಿಂಗೆ?"

"ಹೂಂ."

"ಹೇಳ್ಬಾರದಾ?"

"ಹೇಳಿದ್ರೆ ನೀನೂ ಹೆದರ್ತಿದ್ದೆ."

ಅಕ್ಕ ಬಟ್ಟೆ ಬಿಟ್ಟು ಅವಳ ಪಕ್ಕ ಕುಳಿತಳು. ಕತ್ತಲಾಗುವ ಹೊತ್ತಿಗೆ ತಲೆಯ ಮೇಲೆ ಹೆಲಿಕಾಪ್ಟರಿನ ಸದ್ದು ಹಾದುಹೋಯಿತು.

"ಅವರದೇನಾ?"

"ಗೊತ್ತಿಲ್ಲ ಅಕ್ಕ. ಬಾ, ಗೇಟಿನ ಹತ್ರ ಹೋಗಿ ನೋಡೋಣ."

ಇಬ್ಬರೂ ಸಿಕ್ಕ ಚಪ್ಪಲಿ ಮೆಟ್ಟಿಕೊಂಡು ನೌಕಾನೆಲೆಯ ಗೇಟಿನತ್ತ ಹೊರಟರು. ಭಾವ ಗೇಟಿನಾಚೆಯಿಂದ ಬರುತ್ತಿದ್ದ, ಹಸಿವಿನಿಂದ ಮುಖ ಸಿಂಡರಿಸಿಕೊಂಡು.