ವಾಷಿಂಗ್ ಸೋಡಾ ಡಬ್ಬಿ

ಅಜ್ಜಿ ಹೋಗಿ ಎರಡು ವಾರವಾಗಿತ್ತು. ಸಂಜೆ ಐದಕ್ಕೆ ನೆಂಟರೆಲ್ಲ ನಡುಮನೆಯಲ್ಲಿ ಸೇರಿ ಅವಳ ಬಗ್ಗೆ ನಾಲ್ಕು ಒಳ್ಳೆಯ ಮಾತಾಡುವುದೆಂದು ದೊಡ್ಡಪ್ಪ ಏರ್ಪಾಡು ಮಾಡಿದ್ದರು. ಅವಳು ಬದುಕಿದ್ದಾಗ ಅಷ್ಟು ಮಾತಾಡಲು ಯಾರಿಗೂ ಪುರುಸೊತ್ತಿರಲಿಲ್ಲ.

ಬರೆದು ಓದುವ ಕೆಲಸ ನನ್ನ ತಲೆಯ ಮೇಲೆ ಬಿತ್ತು.

"ಸಂಜೆ ಕಾಲೇಜಿಗೆ ಅಂತ ಮೂರು ವರ್ಷ ಚಪ್ಪಲಿ ಸವೆಸಿದ್ದೀಯಲ್ಲ, ಬರಿ," ಎಂದರು ದೊಡ್ಡಪ್ಪ. "ನಾನು ಹೇಳ್ತೀನಿ, ನೀನು ಸ್ವಲ್ಪ ಚೆಂದ ಮಾಡು ಅಷ್ಟೇ. ಅಮ್ಮನಿಗೆ ತನಗೆ ಅಂತ ಒಂದು ಆಸೆ ಇರ್ಲಿಲ್ಲ. ಬರ್ಕೊಂಡ್ಯಾ?"

"ಸಿಹಿ ಮುಟ್ತಾ ಇರ್ಲಿಲ್ಲ ಅನ್ನೋದು ಹಾಕೇ," ಎಂದರು ದೊಡ್ಡಪ್ಪನ ತಂಗಿ, ನನ್ನ ಅತ್ತೆ. "ತನ್ನ ಪಾಲಿನ ಕೇಕನ್ನ ಯಾವಾಗ್ಲೂ ನಮ್ಗೇ ಕೊಟ್ಬಿಡೋಳು. ಪಾಪ, ಸೇರ್ತಾನೇ ಇರ್ಲಿಲ್ಲ."

ಬರೆದುಕೊಂಡೆ. ಆ ತುಂಡುಗಳಲ್ಲಿ ಅರ್ಧವನ್ನು ತಿಂದವಳು ನಾನೇ ಆದ್ದರಿಂದ ಬೇರೆ ಸಾಕ್ಷಿ ಬೇಕಿರಲಿಲ್ಲ. ಆದರೂ ಮನಸ್ಸು ಕುಟುಕುತ್ತಿತ್ತು. ಅಷ್ಟು ಜನರ ಮುಂದೆ ನಿಂತು ಅಜ್ಜಿಯ ಬಗ್ಗೆ ಸುಳ್ಳು ಓದಿಬಿಟ್ಟರೆ? ತಿದ್ದಲು ಅವಳು ಎದ್ದು ಬರುವುದಿಲ್ಲ. ಮೂರು ಸಲ ಹರಿದು ಬರೆದೆ. ಮೂರು ಸಲವೂ ದೊಡ್ಡಪ್ಪ ಹೇಳಿದ್ದೇ ಬಂತು.

ನಾಲ್ಕು ಗಂಟೆಗೆ ದೊಡ್ಡಪ್ಪ ಮೇಜುಬಟ್ಟೆಯ ಮೇಲೆ ಚಹಾ ಚೆಲ್ಲಿದರು. ಚೆಲ್ಲಿ, ರೂಢಿಯಂತೆ ಅಡುಗೆಮನೆಯ ಕಡೆ ನೋಡಿದರು. ಅಲ್ಲಿಂದ ಯಾರೂ ಬರಲಿಲ್ಲ. ಅತ್ತೆ ನನ್ನ ಕಡೆ ನೋಡಿದರು.

ಬಟ್ಟೆ ಎತ್ತಿಕೊಂಡು ಬಚ್ಚಲಿಗೆ ಹೋದೆ. ಹಲಗೆಯ ಮೇಲೆ ಅಜ್ಜಿಯ ತಗಡಿನ ಡಬ್ಬಿ ಇತ್ತು. ಅದರ ಮೇಲೆ ಅವಳದೇ ದುಂಡು ಅಕ್ಷರ: ವಾಷಿಂಗ್ ಸೋಡಾ. ಮುಚ್ಚಳ ತೆಗೆದರೆ ಒಳಗೆ ಬೆಳ್ಳಿ ಕಾಗದದ ಚಾಕೊಲೇಟುಗಳು, ಪೆಪ್ಪರ್‌ಮಿಂಟು, ಅರ್ಧ ತಿಂದು ಮತ್ತೆ ಮಡಿಚಿಟ್ಟ ಒಂದು ಮಿಠಾಯಿ. ತಳದಲ್ಲಿ, ತಿಂದು ಮುಗಿಸಿದವುಗಳ ಕಾಗದವನ್ನು ಇಸ್ತ್ರಿ ಮಾಡಿದಂತೆ ನೀವಿ ಜೋಡಿಸಿದ್ದಳು. ಕೆಲವಕ್ಕೆ ಬಣ್ಣವೇ ಹೋಗಿತ್ತು. ಆ ಚಾಕೊಲೇಟುಗಳು ಅಂಗಡಿಯಲ್ಲಿ ಸಿಗದೆ ಎಷ್ಟೋ ವರ್ಷವಾಗಿದೆ.

ಅಜ್ಜಿ ಬೀಗವನ್ನು ನಂಬಲಿಲ್ಲ, ನಮ್ಮನ್ನು ನಂಬಿದಳು. ಆರು ಜನರ ಈ ಮನೆಯಲ್ಲಿ ಬಟ್ಟೆ ಒಗೆಯುವ ಸೋಡಾಕ್ಕೆ ಯಾರೂ ಕೈ ಹಾಕುವುದಿಲ್ಲ ಎಂದು. ನಲವತ್ತು ವರ್ಷ ಆ ನಂಬಿಕೆಗೆ ನಾವು ಒಂದು ದಿನವೂ ಮೋಸ ಮಾಡಲಿಲ್ಲ.

ಡಬ್ಬಿಯನ್ನು ಇದ್ದಲ್ಲೇ ಇಟ್ಟು, ಮೇಜುಬಟ್ಟೆಯನ್ನು ಬಕೆಟ್ಟಿಗೆ ಹಾಕಿ ಬಂದೆ.

ಐದು ಗಂಟೆಗೆ ನಡುಮನೆ ತುಂಬಿತ್ತು. ಎದ್ದು ನಿಂತು ಓದತೊಡಗಿದೆ. ಸಿಹಿ ಮುಟ್ಟುತ್ತಿರಲಿಲ್ಲ ಎಂಬ ಸಾಲು ಬಂದಾಗ ಹಾಳೆ ಮಡಿಚಿದೆ.

"ಅಜ್ಜಿಗೆ ಸಿಹಿ ಅಂದ್ರೆ ಪ್ರಾಣ. ನಮಗೆ ಕೊಡ್ತಿದ್ದದ್ದು ಸೇರದೆ ಅಲ್ಲ. ತನಗೆ ಅಂತ ಬೇರೆ ಬಚ್ಚಿಟ್ಟುಕೊಂಡು ತಿಂತಿದ್ಲು."

ಯಾರೋ ಕೆಮ್ಮಿದರು. ದೊಡ್ಡಪ್ಪನ ಮುಖ ಕೆಂಪಾಯಿತು.

"ಏನೇ, ನಾನು ಹೇಳಿದ್ದೇನು, ನೀನು ಓದ್ತಿರೋದೇನು? ಎಲ್ಲಿ ಬಚ್ಚಿಡ್ತಿದ್ಲು? ಈ ಮನೇಲಿ ನನಗೆ ಗೊತ್ತಿಲ್ದೇ ಇರೋ ಜಾಗ ಯಾವುದಿದೆ?"

"ಮೇಜುಬಟ್ಟೆ ಒಗೀರಿ ದೊಡ್ಡಪ್ಪ, ಸಿಗುತ್ತೆ."

"ನಾಳೆ ನೋಡಿದ್ರಾಯ್ತು ಬಿಡಣ್ಣ," ಎಂದರು ಅತ್ತೆ.

ಮೂರು ದಿನವಾಯಿತು. ಮೇಜುಬಟ್ಟೆ ಬಕೆಟ್ಟಿನಲ್ಲೇ ಇದೆ. ಒಗೆಯಬೇಕೆಂದು ನಾನೂ ಅಂದುಕೊಳ್ಳುತ್ತಲೇ ಇದ್ದೇನೆ. ಡಬ್ಬಿ ಭದ್ರವಾಗಿದೆ.