ಐಸಿಗೆ ಉಪ್ಪು ಹಾಕಿದ ದಿನ

ಯಾವನವನು ನಮ್ಮ ಮನೆಯೋರ ಫೋನ್ ಗ್ರೂಪಿನಾಗೆ ಬರೆದೋನು, ಈಶ್ವರಯ್ಯ ಮಾವಗೆ ವಯಸ್ಸಾಯ್ತು, ಒಂದಕ್ಕೊಂದು ಕಲಸಿಬಿಡ್ತಾನೆ ಅಂತ? ಮುಂದೆ ನಗೋ ಬೊಂಬೆ ಬೇರೆ ಇಟ್ಟೀಯ. ಲೇ, ನಾನು ಸಿರಗುಪ್ಪ ಹೈಸ್ಕೂಲಿನಾಗೆ ರಿಟೈರ್ ಆಗೋತನಕ ಹಿಸ್ಟರಿ ಹೇಳಿದೋನು. ನಿಮ್ಮಪ್ಪ ಹಿಂದಿನ ಬೆಂಚಿನಾಗೆ ಕೂತು ಮೆಸೊಪೊಟೇಮಿಯ ಅನ್ನೋಕೆ ನಾಲಿಗೆ ತಿರುಗದೆ ಬಿಸಿ ಅನ್ನ ತುಂಬಿಕೊಂಡೋನಂಗೆ ಬಾಯಿ ಮಾಡ್ತಿದ್ದ, ಅದೂ ನೆನಪೈತೆ. ಆ ದಿನ ಆ ಮನೆಯಾಗೆ ನೀವ್ಯಾರೂ ಇರಲಿಲ್ಲ. ನಾನಿದ್ದೆ. ಹುಡುಗಿ ಬಾಯಿಂದ ಬರ್ತಿದ್ದ ವಾಸನೆ ಬಡಿದದ್ದು ನನ್ನ ಮೂಗಿಗೆ. ಸುಮ್ಮನೆ ಕೇಳ್ರಿ. ಈ ಬಟನ್ನು ಒತ್ತಿ ಹಿಡಿದು ಬೆರಳು ನೋಯುತ್ತೆ, ದನಿ ತುಂಡು ತುಂಡಾಗಿ ಬರುತ್ತೆ. ಎಲ್ಲಾ ತುಂಡೂ ಕೇಳ್ರಿ.

ಜಗಳ ಯಾಕೆ ಶುರುವಾಯ್ತು ಅಂದ್ರೆ ನಮ್ಮ ಭರತೇಶನಿಂದ. ನನ್ನ ತಂಗಿ ಮಗ, ದಾವಣಗೆರೆಯೋನು, ಮೈಕು ಕಂಡ್ರೆ ಬಿಡೋನಲ್ಲ. ಅವನೊಂದು ಬರಹ ಮಾಡಿ ಊರೆಲ್ಲಾ ಹರಡ್ಯಾನೆ. ಹುಡ್‌ಹುಡ್ ತೂಫಾನಿನಾಗೆ ವಿಶಾಖಪಟ್ಟಣದ ಫ್ರಿಜ್ಜುಗಳೆಲ್ಲಾ ಕೈಕೊಟ್ಟಾಗ ನಮ್ಮ ಪೂರ್ವಿಕರ ಮಣ್ಣಿನ ಮಡಕೆ ಒಬ್ಬ ಹುಡುಗಿಯ ಇನ್ಸುಲಿನ್ ಕಾಪಾಡಿತಂತೆ, ಪರದೇಶದೋರ ಮಷೀನು ಸೋತು ನಮ್ಮ ಜ್ಞಾನ ಗೆದ್ದಿತಂತೆ. ಆ ಹುಡುಗಿ ನನ್ನ ಮೊಮ್ಮಗಳು ಗಗನಾ. ಇವತ್ತು, ಹಂಗೆ ಆಗಿಲ್ಲ ಅಂತ ನಾನಂದ್ರೆ ನನಗೇ ಮರೆವು ಅಂತೀರಿ.

ಎರಡು ಸಾವಿರದ ಹದಿನಾಲ್ಕು. ನನ್ನ ಮಗ ಚಂದ್ರಮೌಳಿ ಬ್ಯಾಂಕ್ ಆಫೀಸರು, ವಿಶಾಖಪಟ್ಟಣಕ್ಕೆ ಟ್ರಾನ್ಸ್‌ಫರ್ ಆಗಿತ್ತು. ಸೊಸೆ ಲಕ್ಷ್ಮೀಪ್ರಸನ್ನ ವಿಜಯವಾಡದ ಹುಡುಗಿ, ತೆಲುಗರು. ನನ್ನ ಹೆಂಡತಿ ಹೋದಮೇಲೆ ನಾನೂ ಅವರ ಜೊತೆಗೇ. ಗಗನಾ ಅವಾಗ ಏಳನೇ ಕ್ಲಾಸು. ಸಣ್ಣೋಳಿದ್ದಾಗಿಂದ ಸಕ್ಕರೆ ಕಾಯಿಲೆ. ನಮ್ಮಂಥ ಮುದುಕರಿಗೆ ಬರೋದಲ್ಲ, ಮಕ್ಕಳಿಗೆ ಬರೋ ಬೇರೆ ಜಾತಿದು. ದಿನಾ ಇಂಜೆಕ್ಷನ್ ಬೇಕು, ತಪ್ಪಿದ್ರೆ ಜೀವಕ್ಕೇ ಬರುತ್ತೆ. ಫ್ರಿಜ್ಜಿನ ಬಾಗಿಲಾಗೆ ಕರಿಬೇವಿನ ಪಕ್ಕ ಅವಳ ಸೀಸೆಗಳು ಇರ್ತಿದ್ವು.

ಸ್ಕೂಲಿನಾಗೆ ಅವರಿಗೊಂದು ಪ್ರಾಜೆಕ್ಟು ಕೊಟ್ಟಿದ್ರು, ಹಳೇ ನಾಗರಿಕತೆಗಳು ಏನೇನು ಕಂಡುಹಿಡಿದ್ರು ಅಂತ. ಉಳಿದ ಮಕ್ಕಳೆಲ್ಲಾ ಚಕ್ರ, ಕಾಗದ, ಸೊನ್ನೆ. ನಾನಂದೆ, ಪುಟ್ಟಿ, ನೀನು ತಂಪು ಮಾಡು. ಬೆಂಕಿ ಕಂಡುಹಿಡಿದ್ವಿ ಅಂತ ಎಲ್ಲರೂ ಕೊಚ್ಚಿಕೊಳ್ತಾರೆ, ತಂಪನ್ನೂ ಮನುಷ್ಯನೇ ಕಷ್ಟಪಟ್ಟು ಮಾಡಿಕೊಂಡ ಅಂತ ಯಾರೂ ನೆನೆಯಲ್ಲ. ಅವಳಿಗೆ ಹಿಡಿಸಿತು. ಅವಳ ಜೀವ ಇದ್ದದ್ದೇ ತಂಪಿನಾಗೆ ಅಲ್ವಾ. ಇಬ್ಬರೂ ಕೂತು ದೊಡ್ಡ ಚಾರ್ಟ್ ಮಾಡಿದ್ವಿ. ಮೆಸೊಪೊಟೇಮಿಯದ ರಾಜ ಐಸಿಗೇ ಒಂದು ಮನೆ ಕಟ್ಟಿಸಿದ್ದು. ಈಜಿಪ್ಟಿನೋರು ಒದ್ದೆ ಹೂಜಿಗಳಿಗೆ ಬೀಸಣಿಗೆ ಬೀಸಿ ನೀರು ತಣ್ಣಗೆ ಮಾಡ್ತಿದ್ದದ್ದು. ಪರ್ಷಿಯಾದ ಮರುಭೂಮಿಯಾಗೆ ಹುತ್ತದಂಥ ಗುಮ್ಮಟ ಕಟ್ಟಿ ಬೇಸಿಗೆಗೆ ಐಸು ಕೂಡಿಟ್ಟದ್ದು. ಮೊಗಲರು ಪಟಾಕಿ ಮದ್ದಿಗೆ ಹಾಕೋ ಪೆಟ್ಲುಪ್ಪು ಕರಗಿಸಿ ಕುಡಿಯೋ ನೀರು ತಂಪು ಮಾಡಿದ್ದು. ಅಮೆರಿಕಾದ ಕೆರೆ ಐಸು ಮರದ ಹೊಟ್ಟಿನಾಗೆ ಮುಚ್ಚಿಕೊಂಡು ಹಡಗಿನಾಗೆ ಮದ್ರಾಸಿಗೆ ಬಂದದ್ದು. ಕೊನೆಗೆ ಕೈಯಾಗೆ ತಿರುಗಿಸೋ ಐಸ್‌ಕ್ರೀಂ ಪೀಪಾಯಿ, ಅದರ ಕೆಳಗೆ ಅವಳ ದುಂಡು ಅಕ್ಷರ: ಉಪ್ಪು ಹಾಕಿದರೆ ಐಸು ಇನ್ನೂ ತಣ್ಣಗಾಗುತ್ತದೆ. ಬಹುಮಾನ ಬಂತು. ಊಟದ ಟೇಬಲ್ಲಿನ ಎದುರು ಗೋಡೆಗೆ ಹಚ್ಚಿದ್ವಿ.

ಅಕ್ಟೋಬರಿನಾಗೆ ತೂಫಾನು ಬಂತು. ಭಾನುವಾರ. ಗಾಳಿ ಅನ್ನಬಾರದು ಅದನ್ನ, ಯಾರೋ ಮನೆಯನ್ನ ಹಿಡಿದು ಅಲುಗಾಡಿಸಿದಂಗೆ. ಕಿಟಕಿ ಗಾಜು ಒಳಕ್ಕೆ ಬಂತು, ನಾವೆಲ್ಲಾ ಬಚ್ಚಲಮನೆಯಾಗೆ ಕೂತಿದ್ವಿ. ಮಾರನೇ ದಿನ ನೋಡಿದ್ರೆ ಇಡೀ ಊರಿನಾಗೆ ಒಂದು ಮರಕ್ಕೂ ಎಲೆ ಇಲ್ಲ. ಕರೆಂಟಿಲ್ಲ, ನೀರಿಲ್ಲ, ಫೋನು ಸತ್ತಿತ್ತು. ಔಷಧಿ ಅಂಗಡಿ ಷಟರುಗಳ ಮೇಲೆ ಕಂಬ ಬಿದ್ದಿದ್ವು.

ಫ್ರಿಜ್ಜು ಬೆಚ್ಚಗಾಗ್ತಾ ಬಂತು. ಚಂದ್ರಮೌಳಿ ಇನ್ಸುಲಿನ್ ಡಬ್ಬಿ ಹಿಡಿದು ಓದ್ತಾನೆ, ಎರಡರಿಂದ ಎಂಟು ಡಿಗ್ರಿ. ಬ್ಯಾಂಕಿನೋನು ಅಲ್ವಾ, ಪ್ರಿಂಟಾದದ್ದು ಅಂದ್ರೆ ವೇದವಾಕ್ಯ. ಲಕ್ಷ್ಮೀಪ್ರಸನ್ನ ಅಂದ್ಲು, ಮೆಡಿಕಲ್ ಷಾಪಿನೋರು ಒಂದ್ಸಲ ಹೇಳಿದ್ರು, ಬಿಸಿಲು ಬೀಳದ ಜಾಗದಾಗೆ ಹೊರಗಿಟ್ರೂ ಕೆಲವು ವಾರ ಏನೂ ಆಗಲ್ಲ ಅಂತ. ಅವನು ಕೇಳಲಿಲ್ಲ. ಷಾಪಿನೋನ ಮಾತು ನಂಬಿ ಮಗಳಿಗೆ ಚುಚ್ಚಲಾ ಅಂದ.

ಅವಾಗ ನಾನು ಮಡಕೆ ತೆಗೆದೆ. ಸಿರಗುಪ್ಪದಾಗೆ ನಮ್ಮವ್ವ ಮರಳಿನ ಮೇಲೆ ಇಟ್ಟ ಮಡಕೆ ನೀರು ಏಪ್ರಿಲ್ ತಿಂಗಳಾಗೆ ಹಲ್ಲು ಜುಂ ಅನ್ನಿಸ್ತಿತ್ತು, ನಿಮಗೂ ಗೊತ್ತಲ್ಲ. ದೊಡ್ಡ ಮಡಕೆಯೊಳಗೆ ಸಣ್ಣ ಮಡಕೆ, ನಡುವೆ ಎದುರಿನ ಕಟ್ಟಡದಿಂದ ತಂದ ಮರಳು, ಮರಳಿಗೆ ನೀರು, ಬಾಯಿಗೆ ಒದ್ದೆ ಗೋಣಿ. ಸೀಸೆಗಳು ಒಳಗೆ. ಗಗನಾ ಈಜಿಪ್ಟಿನೋರಂಗೆ ಮೊರ ಹಿಡಿದು ಬೀಸಿದ್ದೇ ಬೀಸಿದ್ದು, ನಕ್ಕಿದ್ದೇ ನಕ್ಕಿದ್ದು. ಸಾಯಂಕಾಲ ಚಂದ್ರಮೌಳಿ ಕೈ ಹಾಕಿ ನೋಡಿದ. ಅಪ್ಪಾ, ಇದು ಸ್ನಾನದ ನೀರಿನಂಗೈತೆ ಅಂದ.

ನಿಜಾನೇ ಅಂದ. ಭರತೇಶ, ಇದನ್ನ ಕೇಳಿಸ್ಕೋ ನೀನು. ನಮ್ಮ ಬಳ್ಳಾರಿ ಸೀಮೆ ಗಾಳಿಗೆ ಯಾವಾಗಲೂ ಬಾಯಾರಿಕೆ. ಮಡಕೆ ಮೈಮೇಲಿನ ನೀರು ಹೀರುತ್ತೆ, ಹೀರಿದಾಗ ಬಿಸೀನೂ ಒಯ್ಯುತ್ತೆ, ಒಳಗೆ ತಂಪಾಗುತ್ತೆ. ವಿಶಾಖಪಟ್ಟಣದ ಗಾಳಿ ಹಿಂಡದ ಪಂಚೆಯಂಗೆ ತಾನೇ ಒದ್ದೆ. ಅದೇನು ಹೀರುತ್ತೆ, ಮಣ್ಣು. ಮಡಕೆ ನಮ್ಮೂರಿನ ಥರದ್ದೇ, ಗಾಳಿ ನಮ್ಮೂರದ್ದಲ್ಲ. ಸಮುದ್ರದ ದಂಡೆಯಾಗೆ ಕೂತು ಅದನ್ನೇ ಇಟ್ಟು ಪೂಜೆ ಮಾಡಿದ್ರೆ ಪೂರ್ವಿಕರು ಬಂದು ಗಾಳಿ ಬದಲಾಯಿಸ್ತಾರೇನು?

ಬೆಳಿಗ್ಗೆ ಎದ್ದೋನೇ ಚಂದ್ರಮೌಳಿ ಸ್ಕೂಟರ್ ತಗೊಂಡು ಹೋದ. ಬಿದ್ದ ಮರಗಳ ಮೇಲೆ ಸ್ಕೂಟರನ್ನ ಎತ್ತಿ ದಾಟಿಸಿಕೊಂಡು ಹೋಗಿದ್ದನಂತೆ. ಮೀನು ಬಂದರಿನ ಹತ್ತಿರ ಯಾವುದೋ ಲಾರಿಯಿಂದ ಐಸು ಕೊಡ್ತಿದ್ರು, ಅಲ್ಲಿ ಹೊಡೆದಾಟ. ಮಧ್ಯಾಹ್ನ ಮೀರಿ ಬಂದ, ಹೆಗಲ ಮೇಲೆ ಗೋಣಿಚೀಲ, ಅಂಗಿಯೆಲ್ಲಾ ಮೀನಿನ ನೀರು. ಅವನ ಮುಖದಾಗೆ ಅಷ್ಟು ಸಂತೋಷ ನಾನು ಅವನ ಮದುವೆಯಾಗೂ ನೋಡಿಲ್ಲ. ಥರ್ಮೋಕೋಲ್ ಪೆಟ್ಟಿಗೆಗೆ ಐಸು ಸುರಿದ. ಅದು ಆಗಲೇ ಕರಗ್ತಿತ್ತು. ತಲೆ ಎತ್ತಿದ, ಎದುರಿಗೆ ಚಾರ್ಟು.

"ಪುಟ್ಟಿ, ಉಪ್ಪು ಹಾಕಿದ್ರೆ ಐಸು ಇನ್ನೂ ತಣ್ಣಗಾಗುತ್ತಾ?"

"ಆಗುತ್ತೆ ಪಪ್ಪಾ. ತಾತಯ್ಯನೇ ಹೇಳಿದ್ದು."

ಅವಳಿಗೆ ಹೆಮ್ಮೆ. ತನ್ನ ಪ್ರಾಜೆಕ್ಟು ತನ್ನ ಔಷಧಿಗೇ ಕೆಲಸಕ್ಕೆ ಬಂತು ಅಂತ. ಅಡಿಗೆಮನೆಯಿಂದ ಉಪ್ಪಿನ ಪ್ಯಾಕೆಟ್ಟು ಅವಳೇ ತಂದುಕೊಟ್ಲು. ಪೂರ್ತಿ ಸುರಿದು, ಮಡಕೆಯಾಗಿದ್ದ ಸೀಸೆಗಳನ್ನ ತೆಗೆದು, ಪ್ಲಾಸ್ಟಿಕ್ ಚೀಲದಾಗೆ ಕಟ್ಟಿ, ಐಸಿನೊಳಗೆ ಹೂತ. ಎಲ್ಲಾ ಸೀಸೆ. ಒಂದೂ ಹೊರಗೆ ಉಳಿಸಲಿಲ್ಲ. ಮನೆಯಾಗಿದ್ದ ನಮಗೆಲ್ಲಾ ಸಮಾಧಾನ ಆಯ್ತು.

ಮಾರನೇ ಬೆಳಿಗ್ಗೆ ಸೀಸೆ ಮೇಲೆ ಬಿಳಿ ಹಿಮ ಕೂತಿತ್ತು. ಅಂಗೈಯಾಗೆ ಹಿಡಿದು ಬೆಚ್ಚಗೆ ಮಾಡಿದ, ನೋಡೋಕೆ ನೀರಿನಂಗೇ ಇತ್ತು. ಚುಚ್ಚಿದ್ರು. ತಿಂಡಿ ತಿಂದ್ಲು. ಆಮೇಲೆ ಶುರುವಾಯ್ತು ನೋಡ್ರಿ, ನೀರು ಕೊಡು, ನೀರು ಕೊಡು. ಮನೆಯಾಗೆ ಕುಡಿಯೋ ನೀರಿಗೇ ಬರ. ಬೆರಳು ಚುಚ್ಚಿ ಮೀಟರಿನಾಗೆ ನೋಡಿದ್ರೆ ಸಕ್ಕರೆ ಏರ್ತಾ ಐತೆ. ಇನ್ನೊಂದು ಸೂಜಿ ಕೊಟ್ರು. ಇನ್ನೂ ಏರಿತು. ಕೊನೆಗೆ ಮೀಟರು ನಂಬರ್ ತೋರಿಸೋದೇ ಬಿಟ್ಟಿತು. ವಾಂತಿ. ಉಸಿರು ಎಳೆದೆಳೆದು ಬಿಡ್ತಾಳೆ, ಆ ಉಸಿರಿಗೆ ಮಾಗಿ ಕೊಳೆತ ಬಾಳೆಹಣ್ಣಿನ ವಾಸನೆ. ಲಕ್ಷ್ಮೀಪ್ರಸನ್ನ ಸೀಸೆಯನ್ನ ಕಿಟಕಿ ಬೆಳಕಿಗೆ ಹಿಡಿದ್ಲು. ಒಳಗೆ ಸಣ್ಣ ಎಳೆ ಎಳೆ ತೇಲ್ತಿತ್ತು.

ಅವಳು ಗಂಡನ ಮುಖ ನೋಡಿ ತೆಲುಗಿನಾಗೆ ಒಂದೇ ಮಾತು ಕೇಳಿದ್ಲು. "ಇದಿ ಗಡ್ಡ ಕಟ್ಟಿಂದಾ, ಏಮಂಡಿ?" ಇದು ಹೆಪ್ಪುಗಟ್ಟಿತ್ತಾ ಅಂತ. ಅವನು ಮಗಳನ್ನ ಹೆಗಲ ಮೇಲೆ ಹಾಕ್ಕೊಂಡು ಮೆಟ್ಟಿಲು ಇಳಿದ.

ಕಾರು ಹೋಗೋ ಹಂಗಿಲ್ಲ, ರಸ್ತೆ ತುಂಬಾ ಮರ. ನಡೆದ್ವಿ. ಕೊಂಬೆ ಅಡ್ಡ ಬಂದಾಗ ಅವನು ಅವಳನ್ನ ನನ್ನ ಕೈಗೆ ಕೊಟ್ಟು ದಾಟೋನು, ಮತ್ತೆ ಇಸ್ಕೊಳ್ಳೋನು. ಜನರೇಟರ್ ಓಡ್ತಿದ್ದ ಒಂದು ಆಸ್ಪತ್ರೆ ಸಿಕ್ಕಿತು. ಡಾಕ್ಟರಮ್ಮ ಡ್ರಿಪ್ ಹಾಕಿಸಿ, ಆಮೇಲೆ ನಮ್ಮ ಕಡೆ ತಿರುಗಿದ್ಲು. ಬೈಯಲಿಲ್ಲ, ಬೈದಿದ್ರೆ ವಾಸಿಯಿತ್ತು. ಇನ್ಸುಲಿನ್ ಒಂದ್ಸಲ ಗಡ್ಡೆಕಟ್ಟಿದ್ರೆ ಮುಗೀತು, ಕರಗಿದ್ರೂ ಅದನ್ನ ನಂಬಂಗಿಲ್ಲ ಅಂದ್ಲು. ಕಪಾಟಿನಾಗೆ ಇಟ್ಟಿದ್ರೂ ಆಗ್ತಿತ್ತು, ನಿಮ್ಮ ಮಡಕೆಯಾಗೇ ಬಿಟ್ಟಿದ್ರೂ ಆಗ್ತಿತ್ತು ಅಂದ್ಲು. ಮಡಕೆ ಮಾಡಿದ ಉಪಕಾರ ಅಷ್ಟೇ ಕಣೋ ಭರತೇಶ: ಅದು ಏನೂ ಮಾಡಲಿಲ್ಲ.

ಅವರ ಸ್ಟಾಕೂ ಕಮ್ಮಿ ಇತ್ತು. ಹೊರಗಿಂದ ತನ್ನಿ ಅಂದ್ರು, ತರೋದೆಲ್ಲಿಂದ? ಅಷ್ಟರಾಗೆ ವಿಜಯವಾಡದಿಂದ ಲಕ್ಷ್ಮೀಪ್ರಸನ್ನನ ತಮ್ಮ ಕೃಷ್ಣಚೈತನ್ಯ, ಪಕ್ಕದ ಮನೆಯೋರನ್ನ ಕೇಳಿಕೊಂಡು ಆಸ್ಪತ್ರೆಗೇ ಬಂದಿಳಿದ. ನಾವ್ಯಾರೂ ಕರೆದಿರಲಿಲ್ಲ, ಕರೆಯೋಕೆ ಫೋನೆಲ್ಲಿತ್ತು. ಫೋನು ಹತ್ತಲಿಲ್ಲ ಅಂತಲೇ ನಮ್ಮ ಬೀಗಿತ್ತಿ ಸೂರ್ಯಕಾಂತಮ್ಮ ಅವನನ್ನ ಅಟ್ಟಿದ್ಲು. ಟಿಫಿನ್ ಕ್ಯಾರಿಯರಿನಾಗೆ ಸೀಸೆಗಳು, ಸುತ್ತ ಮಂಗಳಗಿರಿ ಸೀರೆಯ ಒದ್ದೆ ತುಂಡು. ಹೊರಡೋ ಮೊದಲು ಮೆಡಿಕಲ್ ಷಾಪಿನಾಗೆ ವಿಚಾರಿಸಿದ್ಲಂತೆ. ದಾರಿಯಾಗೆ ಯಾರಾದ್ರೂ ಐಸು ಕೊಟ್ರೂ ಸೀಸೆಗೆ ಮುಟ್ಟಿಸಬೇಡ, ಮುಟ್ಟಿಸಿದ್ರೆ ಕಾಲು ಮುರೀತೀನಿ ಅಂತ ಮಗನಿಗೆ ಹೇಳಿ ಕಳಿಸಿದ್ಲು. ಅವನು ಅದನ್ನ ನಗ್ತಾ ಹೇಳಿದ. ಯಾರೂ ನಗದೇ ಇದ್ದದ್ದು ನೋಡಿ ಕ್ಯಾರಿಯರ್ ಬಿಚ್ಚಿ ಸೀಸೆಗಳನ್ನ ಡಾಕ್ಟರಮ್ಮನ ಕೈಗೆ ಕೊಟ್ಟ.

ಹುಡುಗಿ ಉಳಿದ್ಲು. ಕಣ್ಣು ಬಿಟ್ಟು ಮಾತಾಡೋ ಹಂಗಾದಾಗ ನನ್ನನ್ನ ಕರೆದ್ಲು.

"ತಾತಯ್ಯಾ, ನನ್ನ ಚಾರ್ಟ್ ತಪ್ಪಿತ್ತಾ?"

ಇಲ್ಲ ಪುಟ್ಟಿ, ಅದರಾಗೆ ಬರೆದದ್ದೆಲ್ಲಾ ಸರಿಯೇ ಐತೆ ಅಂದೆ.

"ಎಲ್ಲಾ ಸರಿ ಇದ್ರೆ ನನಗ್ಯಾಕೆ ಹಿಂಗಾಯ್ತು?"

ಅಷ್ಟು ವರ್ಷ ಪಾಠ ಹೇಳಿದೋನು ನಾನು. ಅವಳ ಕಾಲಿಗೆ ಹೊದಿಕೆ ಎಳೆದೆ.

ಚಂದ್ರಮೌಳಿ ಆಮೇಲೆ ಕೇಳಿ ಕೇಳಿ ವಿಜಯವಾಡಕ್ಕೆ ಟ್ರಾನ್ಸ್‌ಫರ್ ತಗೊಂಡ. ಇಲ್ಲಿಯ ಬಿಸಿಲು ನಿಮಗೆ ಗೊತ್ತಿಲ್ಲ, ಇಂದ್ರಕೀಲಾದ್ರಿ ಬೆಟ್ಟದ ಬಂಡೆಯೆಲ್ಲಾ ಹೆಂಚಿನಂಗೆ ಕಾದು ಆ ಬಿಸಿ ಊರ ಮೇಲೆ ಬೀಳುತ್ತೆ. ಆದ್ರೂ ನಮ್ಮ ಮನೆ ಫ್ರಿಜ್ಜಿನಾಗೆ ಐಸಿನ ಟ್ರೇ ಇಲ್ಲ. ಯಾರೂ ಇಡಬೇಡ ಅಂದಿಲ್ಲ. ಯಾರೂ ಇಡಲ್ಲ.

ಹೋದ ರಾಜ್ಯೋತ್ಸವಕ್ಕೆ ಇಲ್ಲಿಯ ಕನ್ನಡದೋರೆಲ್ಲಾ ಸೇರಿದ್ವಿ. ಭರತೇಶನೇ ಅತಿಥಿ. ಮಡಕೆ ಕಥೆ ಹೇಳಿ, ಆ ಮಗುವಿನ ತಂದೆ ಇಲ್ಲೇ ಇದ್ದಾರೆ ಅಂತ ಚಂದ್ರಮೌಳಿನ ವೇದಿಕೆಗೆ ಎಳೆದ. ಜನ ಚಪ್ಪಾಳೆ ಹೊಡೆದ್ರು. ನನ್ನ ಮಗ ಮೈಕಿನ ಕಡೆ ಎರಡು ಹೆಜ್ಜೆ ಇಟ್ಟದ್ದು ನಾನು ನೋಡಿದೆ. ಮನೆಗೆ ಬಂದಮೇಲೆ ನಿಜ ಯಾಕೆ ಹೇಳಲಿಲ್ಲ ಅಂತ ಗಗನಾ ಕೇಳಿದ್ಲು. ಹೇಳೋಕೇ ಹೋದೆ, ಶಾಲು ಹೊದಿಸಿಬಿಟ್ರು ಅಂದ.

ಇಷ್ಟು ದಿನ ನಾನೂ ಬಿಟ್ಟಿದ್ದೆ, ಕಥೆ ತಾನೇ ಅಂತ. ಇವತ್ತು ಬೆಳಿಗ್ಗೆ ಭೀಮುನಿಪಟ್ಟಣದಿಂದ ಹೇಮಾಕ್ಷಿ ಫೋನು ಮಾಡಿದ್ಲು, ವಿಶಾಖಪಟ್ಟಣದಾಗೆ ನಮ್ಮ ಪಕ್ಕದ ಮನೆಯಾಗಿದ್ದೋಳು. ಅವಳ ಗಂಡನೂ ಇನ್ಸುಲಿನ್ ಮೇಲೆ ಇರೋನು. ಸಮುದ್ರದಾಗೆ ಈಗ ಮತ್ತೊಂದು ತೂಫಾನು, ಫನಿ ಅಂತೆ, ಟಿವಿಯಾಗೆ ಅದೇ ಸುದ್ದಿ, ಕರೆಂಟು ಹೋಗುತ್ತೆ ಅಂತ ಅವಳಿಗೆ ಭಯ. ಭರತೇಶನ ಬರಹ ತೆಲುಗಾಗಿ ಅವಳಿಗೂ ಮುಟ್ಟೈತೆ. ಕೈಯಿಂದ ಕೈಗೆ ಹೋಗ್ತಾ ಯಾರೋ ಪುಣ್ಯಾತ್ಮ ಬಾಲ ಸೇರಿಸ್ಯಾನೆ, ಮಡಕೆಯೊಳಗೆ ಐಸು ಹಾಕಿ ಒಂದು ಹಿಡಿ ಉಪ್ಪು ಉದುರಿಸಿದ್ರೆ ಇನ್ನೂ ಉತ್ತಮ ಅಂತ. ಅವಳು ಕೇಳ್ತಾಳೆ, ಮಾಮಯ್ಯಗಾರೂ, ಕಲ್ಲುಪ್ಪು ಹಾಕ್ಲಾ, ಪುಡಿ ಉಪ್ಪು ಹಾಕ್ಲಾ?

ಬೇಡಮ್ಮಾ, ತೆಗೆ ಅಂದೆ. ಒಂದು ಹಿಡಿ ಉಪ್ಪು ರಾತ್ರಿನೇ ಹಾಕಿ ಇಟ್ಟೀನಿ, ಇನ್ನೊಂದು ಹಿಡಿಗೆ ಕೇಳಿದ್ದು, ಔಷಧಿ ನೋಡೋಕೆ ಚೆನ್ನಾಗೇ ಐತಲ್ಲ ಅಂದ್ಲು. ಅದನ್ನ ಚುಚ್ಚಬೇಡ, ಬಿಸಾಕು ಅಂತ ಅಂದೆ. ಅವಳು ಕೇಳಿಸ್ಕೊಂಡ್ಲೋ ಇಲ್ಲೋ, ಲೈನು ಕಟ್ಟಾಯ್ತು. ಅವಾಗಿಂದ ಹತ್ತುತಾ ಇಲ್ಲ. ಕೃಷ್ಣಚೈತನ್ಯ ಕಾರು ತಗೊಂಡು ಹೊರಟಾನೆ, ಅವನು ಮುಟ್ಟೋದು ಯಾವಾಗಲೋ.

ಚಂದ್ರಮೌಳಿ ಬಾಗಿಲಾಗೆ ನಿಂತು ಎಲ್ಲಾ ಕೇಳಿದ. ನಿಮಗೆ ಇದನ್ನ ಹೇಳು ಅಂದೋನೇ ಅವನು. ನಿನ್ನ ಹೆಸರು ಬಿಟ್ಟು ಹೇಳ್ತೀನಿ ಅಂದೆ.

"ಹೆಸರು ಹಾಕಪ್ಪಾ. ಯಾರೋ ದಡ್ಡರು ಮಾಡಿದ್ರು ಅಂದ್ಕೊಂಡ್ರೆ, ತಮಗಲ್ಲ ಅಂತ ಬಿಡ್ತಾರೆ."

ಅದಕ್ಕೇ ಹಾಕೀನಿ. ಚಂದ್ರಮೌಳಿ, ನನ್ನ ಮಗ, ಬ್ಯಾಂಕ್ ಆಫೀಸರು, ಮಗಳ ಮೇಲೆ ಜೀವ ಇಟ್ಟೋನು. ಅವನೇ ಮಾಡಿದ್ದು. ಇನ್ಸುಲಿನ್ ಗಡ್ಡೆಕಟ್ಟಬಾರದು, ಕಟ್ಟಿದ್ದನ್ನ ಚುಚ್ಚಬಾರದು, ಕರೆಂಟು ಹೋದ್ರೆ ಬಿಸಿಲು ಬೀಳದ ತಣ್ಣನೆ ಮೂಲೆಯಾಗೆ ಇಟ್ಟು ಡಾಕ್ಟರನ್ನ ಕೇಳ್ರಿ. ಭರತೇಶಾ, ನಿನ್ನ ಬರಹ ಯಾವ ಯಾವ ಗ್ರೂಪಿಗೆ ಹೋಯ್ತೋ ಅಲ್ಲೆಲ್ಲಾ ನನ್ನ ಈ ದನಿ ಕಳಿಸು. ತೆಲುಗು ಬರೋರು ತೆಲುಗಿನಾಗೆ ಹೇಳ್ರಿ. ಭೀಮುನಿಪಟ್ಟಣದಾಗೆ ನಿಮಗ್ಯಾರಾದ್ರೂ ಗೊತ್ತಿದ್ರೆ ಮೊದಲು ಅವರಿಗೆ ಮುಟ್ಟಿಸ್ರಿ, ಹೇಮಾಕ್ಷಿ ಮನೆಗೆ ಒಂದು ಸಲ ಹೋಗಿ ಬರೋಕೆ ಹೇಳ್ರಿ. ನನಗೆ ಮರೆವು ಐತೋ ಇಲ್ಲೋ ಆಮೇಲೆ ಜಗಳ ಆಡಿದ್ರಾಯ್ತು. ಈಗ ಕಳಿಸ್ರಿ.